ಗುಡ್ಡದ ಗುಪ್ತನಿಧಿ ಕಲಿಸುವ ಪಾಠ

ಗುಡ್ಡವೇರಿ, ಬಚ್ಚಿಟ್ಟ ಪೆಟ್ಟಿಗೆಯನ್ನು ಹುಡುಕುವ ಆಟ ಮಕ್ಕಳದೆಂದು ತೋರಬಹುದು. ಆದರೆ ‘ಜಿಯೋಕ್ಯಾಶಿಂಗ್’ ಎಂಬ ಹೆಸರಿನಿಂದ ಅದು ದೊಡ್ಡವರನ್ನೂ ಮರುಳುಗೊಳಿಸಿದೆ.

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರಕಾರವು ಸ್ಥಳಸೂಚಕ ಉಪಗ್ರಹಗಳ ಸಂಕೇತದಲ್ಲಿ ತಾನೇ ಬೆರೆಸುತ್ತಿದ್ದ ದೋಷವನ್ನು ತೆಗೆದುಹಾಕಿತು. ಸ್ಥಳವನ್ನು ನಿಖರವಾಗಿ ಗುರುತಿಸುವುದು ಜನಸಾಮಾನ್ಯರಿಗೂ ಸಾಧ್ಯವಾಯಿತು. ಮೇ 3ರಂದು ಡೇವ್ ಉಲ್ಮರ್ ಎಂಬವರು ಆರೆಗನ್ ಸಂಸ್ಥಾನದ ಬೀವರ್‌ಕ್ರೀಕ್ ಬಳಿ ಬಕೆಟ್ಟೊಂದನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಅದರಲ್ಲಿದ್ದ ನಿಧಿಯಾದರೂ ಏನು? ಪುಸ್ತಕ, ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು. ಜೊತೆಗೆ ಹೆಸರು ಬರೆಯಲು ಪುಸ್ತಕ, ಪೆನ್ಸಿಲು!

ಹುಡುಕುವವನ ಕಣ್ಣು ಯಂತ್ರದ ಮೇಲೆ. ಕಾಲು ಜಾರುಗಲ್ಲಿನ ಮೇಲೆ. ಕಾರ್ಖಾನೆಯ ಕೆಲಸಗಾರನ ಸ್ಥಿತಿಯೂ ಇದೇ ಅಲ್ಲವೇ? ಆದ್ದರಿಂದ ಕೆಲಸದ ಸುರಕ್ಷತೆಯನ್ನು ಬೋಧಿಸಲು ಗುಡ್ಡವು ಒಳ್ಳೆಯ ಪಾಠಶಾಲೆ.

ಪೆಟ್ಟಿಗೆಯು ಪ್ರಪಾತದ ಅಂಚಿನಲ್ಲಿದೆಯೆನ್ನೋಣ. ‘ಎಚ್ಚರಿಕೆ’ ಎಂದು ಫಲಕ ನೆಡಬಹುದು, ಶಿರಸ್ತ್ರಾಣ ತೊಡಿಸಬಹುದು. ಆದರೆ ಪೆಟ್ಟಿಗೆಯನ್ನೇ ಅಲ್ಲಿಂದ ಸರಿಸಿದರೆ? ಸುರಕ್ಷತಾಶಾಸ್ತ್ರದ ಕ್ರಮವೂ ಅದೇ. ಮೊದಲು ಅಪಾಯವನ್ನೇ ನಿವಾರಿಸಬೇಕು. ಆಗದಿದ್ದರೆ ಕಡಿಮೆ ಅಪಾಯದ ಬದಲಿಯನ್ನು ತರಬೇಕು. ಬಳಿಕ ತಡೆಬೇಲಿ, ಆಮೇಲೆ ನಿಯಮ. ಶಿರಸ್ತ್ರಾಣ, ಕೈಗವಸುಗಳದು ಕಟ್ಟಕಡೆಯ ಸ್ಥಾನ.

ಬಿದ್ದವನನ್ನು ‘ಅಜಾಗರೂಕ’ನೆಂದು ದೂರುವುದು ಸುಲಭ. ಪೆಟ್ಟಿಗೆಯನ್ನು ಅಲ್ಲಿಟ್ಟವರಾರೆಂದು ಕೇಳುವವರು ವಿರಳ. ನಿಧಿ ದೊರೆತವನು ಪುಸ್ತಕದಲ್ಲಿ ಹೆಸರು ಬರೆಯುವುದು ವಾಡಿಕೆ. ಆದರೆ ಅವನು ಕ್ಷೇಮವಾಗಿ ಮನೆಯ ಹೊಸ್ತಿಲು ತುಳಿದಾಗಲೇ ಆಟವೂ ಮುಗಿಯಿತು, ಅಂದಿನ ದುಡಿಮೆಯೂ ಮುಗಿಯಿತು.