ಹೊಸ ಮನೆ, ಒದ್ದೆ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳುತ್ತಾರೆ. ಕಟ್ಟಿದ ಮೇಲೆ ಇನ್ನೂ ಒಂದು ನೋಡೋದಿದೆ. ಅದು ಮೊದಲನೇ ಮಳೆಗಾಲ.

ಗೃಹಪ್ರವೇಶ ಆಯಿತು. ಹಾಲು ಉಕ್ಕಿಸಿದ್ದಾಯಿತು. ಬಂದ ನೆಂಟರು ಊಟ ಮಾಡಿ ಹೋದರು. ಬಣ್ಣ ಹೊಡೆದ ಗೋಡೆ ಹೊಳೆಯುತ್ತಾ ಇದೆ. ಆಮೇಲೆ ಮಳೆ ಹಿಡಿಯಿತು. ಗೋಡೆಯ ಬುಡದಲ್ಲಿ ಒಂದು ಗೇಣು ಎತ್ತರ ಕಪ್ಪು ಕಲೆ ಕಾಣಿಸಿತು. ಮರುವರ್ಷ ಅದು ಮೊಳಕಾಲಿನವರೆಗೆ ಏರಿತು. ಬಣ್ಣ ಹೊಪ್ಪಳೆ ಎದ್ದು ಉದುರಿತು. ಕೈಯಿಂದ ಸವರಿದರೆ ಬಿಳಿ ಪುಡಿ ಅಂಟುತ್ತೆ. ಮೂಲೆಯಲ್ಲಿ ಇಟ್ಟ ರಾಗಿ ಚೀಲ ಬೂಷ್ಟು ಹಿಡಿಯಿತು.

ಸಾಲ ಮಾಡಿ ಕಟ್ಟಿದ ಮನೆ ಇದು. ಸರ್ಕಾರದ ಹಣ ಬಂದಿದ್ದರೂ ಅದು ಪೂರ್ತಿ ಸಾಲದು. ಮೇಲೆ ನಮ್ಮ ಕೈಯಿಂದಲೂ ಹಾಕಿರುತ್ತೇವೆ. ಅಂಥ ಮನೆ ಎರಡೇ ವರ್ಷಕ್ಕೆ ಹೀಗಾದರೆ ಹೊಟ್ಟೆ ಉರಿಯದೆ ಇರುತ್ತಾ?

ಈ ನೀರು ಎಲ್ಲಿಂದ ಬಂತು? ಮೊದಲು ಅದನ್ನು ಹುಡುಕಬೇಕು. ದುಡ್ಡು ಖರ್ಚು ಮಾಡೋದು ಆಮೇಲೆ.

ಗೋಡೆ ನೀರು ಕುಡಿಯುತ್ತೆ

ನೀರು ಕೆಳಗೆ ಹರಿಯುತ್ತೆ. ಇದು ಎಲ್ಲರಿಗೂ ಗೊತ್ತು. ಆದರೆ ನೀರು ಮೇಲಕ್ಕೂ ಏರುತ್ತೆ. ದೀಪದ ಬತ್ತಿ ನೋಡಿ. ಎಣ್ಣೆ ಇರೋದು ತಳದಲ್ಲಿ. ಉರಿಯೋದು ತುದಿಯಲ್ಲಿ. ಬತ್ತಿ ಎಣ್ಣೆಯನ್ನು ಹೀರಿ ಮೇಲಕ್ಕೆ ತರುತ್ತೆ. ಇಟ್ಟಿಗೆ, ಮಣ್ಣು, ಗಾರೆ ಇವೂ ಹಾಗೇ. ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಇವುಗಳ ತುಂಬಾ ಇವೆ. ಗೋಡೆಯ ಬುಡದ ಮಣ್ಣು ಒದ್ದೆ ಇದ್ದರೆ ಗೋಡೆ ಆ ನೀರನ್ನು ಹೀರಿಕೊಳ್ಳುತ್ತೆ. ಎರಡು ಮೂರು ಅಡಿ ಎತ್ತರಕ್ಕೂ ಏರಿಸುತ್ತೆ.

ಮಣ್ಣಿನ ನೀರಿನಲ್ಲಿ ಉಪ್ಪು ಇರುತ್ತೆ. ನೀರು ಗೋಡೆಯ ಮೇಲೆ ಬಂದು ಗಾಳಿಗೆ ಆರಿ ಹೋಗುತ್ತೆ. ಉಪ್ಪು ಅಲ್ಲೇ ಉಳಿಯುತ್ತೆ. ಅದು ಹರಳುಗಟ್ಟಿ ಬಣ್ಣವನ್ನೂ ಗಾರೆಯನ್ನೂ ಹೊರಕ್ಕೆ ತಳ್ಳುತ್ತೆ. ಕೈಗೆ ಅಂಟುವ ಬಿಳಿ ಪುಡಿ ಇದೇ.

ಇದನ್ನು ತಡೆಯಲು ಮನೆ ಕಟ್ಟುವಾಗಲೇ ಒಂದು ಉಪಾಯ ಇದೆ. ಪಾಯ ಮುಗಿದ ಮೇಲೆ, ಗೋಡೆ ಏಳುವ ಮೊದಲು, ಸುತ್ತಲೂ ಸಿಮೆಂಟ್ ಕಾಂಕ್ರೀಟಿನ ಒಂದು ಪಟ್ಟಿ ಹಾಕುತ್ತಾರೆ. ನೀರು ಬಿಡದ ಪುಡಿಯನ್ನೂ ಅದಕ್ಕೆ ಬೆರೆಸುತ್ತಾರೆ. ಮೇಸ್ತ್ರಿಗಳು ಇದಕ್ಕೆ ಡಿ.ಪಿ.ಸಿ. ಅನ್ನುತ್ತಾರೆ. ಕೆಳಗಿನ ನೀರು ಇದನ್ನು ದಾಟಿ ಮೇಲೆ ಹೋಗಲ್ಲ. ಇನ್ನೂ ಮನೆ ಕಟ್ಟಿಸುತ್ತಾ ಇರುವವರು ಇದನ್ನು ಕೇಳಿ ಹಾಕಿಸಿ. ದುಡ್ಡು ಉಳಿಸಲು ಬೇರೆ ಜಾಗ ಎಷ್ಟೋ ಇದೆ, ಇದು ಅಲ್ಲ.

ಕೆಸುವಿನ ಗಿಡ ಹೇಳಿದ ಮಾತು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಹೀಗೇ ಆಗಿತ್ತು. ಅಡುಗೆ ಮನೆಯ ಗೋಡೆ ಸೊಂಟದವರೆಗೆ ಒದ್ದೆ. ಮೇಸ್ತ್ರಿಯನ್ನು ಕರೆಸಿದರು. ಹಳೇ ಗಾರೆ ಕೆತ್ತಿ ಒಳಗಡೆ ಗಟ್ಟಿ ಸಿಮೆಂಟ್ ಗಾರೆ ಮಾಡಬೇಕು, 18,000 ರೂಪಾಯಿ ಆಗುತ್ತೆ ಅಂದರು. ಅಕ್ಕ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಲು ಹೊರಟಿದ್ದರು.

"ಮೇಸ್ತ್ರಿಯಣ್ಣ, ಇಷ್ಟು ಮಾಡಿದರೆ ಕಲೆ ತಿರುಗಿ ಬರಲ್ವಾ?"

"ಒಂದೆರಡು ವರ್ಷ ಬರಲ್ಲ ಬಿಡಮ್ಮ."

"ಆಮೇಲೆ?"

ಮೇಸ್ತ್ರಿ ಮಾತಾಡಲಿಲ್ಲ.

ಆ ಅಕ್ಕ ಹುಷಾರು. ಸಂಘಕ್ಕೆ ಹೋಗುವ ಮೊದಲು ನಮ್ಮನ್ನೂ ಕರೆದು ತೋರಿಸಿದರು. ನಾವು ನಾಲ್ಕೈದು ಜನ ಮನೆಯ ಸುತ್ತ ಒಂದು ಸುತ್ತು ಹಾಕಿದೆವು. ಮೂರು ಗೋಡೆ ಒಣಗಿವೆ. ಅಡುಗೆ ಮನೆಯ ಗೋಡೆ ಮಾತ್ರ ಒದ್ದೆ. "ಈ ಕಲೆ ಬೇಸಿಗೆಯಲ್ಲಿ ಹೋಗುತ್ತಾ?" ಅಂತ ಕೇಳಿದೆವು. "ಇಲ್ಲ, ಯುಗಾದಿಯಲ್ಲೂ ಇತ್ತು" ಅಂದರು.

ಇಲ್ಲೇ ಗುಟ್ಟು ಇದೆ. ಮಳೆ ಇಲ್ಲದ ತಿಂಗಳಲ್ಲೂ ಗೋಡೆ ಒದ್ದೆ ಇದ್ದರೆ ಅದು ಬರೀ ಮಳೆ ನೀರಲ್ಲ. ಹೆಚ್ಚಾಗಿ ನಮ್ಮ ಮನೆಯದೇ ನೀರು.

ಹಿಂದೆ ಹೋಗಿ ನೋಡಿದೆವು. ಬಚ್ಚಲಿನ ಪೈಪು ಗೋಡೆಯಿಂದ ಒಂದು ಗೇಣು ಹೊರಗೆ ಬಂದು ಅಲ್ಲೇ ನಿಂತಿತ್ತು. ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಅಲ್ಲಿ ಕೆಸುವಿನ ಗಿಡ ಕೊಡೆಯಷ್ಟು ದೊಡ್ಡ ಎಲೆ ಬಿಟ್ಟು ಬೆಳೆದಿತ್ತು. ಕೆಸು ಹಾಗೆ ಬೆಳೆದಿದೆ ಅಂದರೆ ಅಲ್ಲಿ ನೀರು ಒಂದು ದಿನವೂ ಆರಿಲ್ಲ ಅಂತ ಅರ್ಥ.

ಲೆಕ್ಕ ಹಾಕಿ ನೋಡೋಣ. ಮನೆಯಲ್ಲಿ 5 ಜನ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ನಲ್ಲಿ ನೀರಿನ ಯೋಜನೆಯಲ್ಲಿ ಸರ್ಕಾರ ಹಿಡಿದಿರುವ ಲೆಕ್ಕ ಇದು. ಒಟ್ಟು 275 ಲೀಟರ್ ಆಯಿತು. ಕುಡಿದದ್ದು, ಅಡುಗೆಗೆ ಹೋದದ್ದು ಬಿಟ್ಟರೂ ಸುಮಾರು 200 ಲೀಟರ್ ಹೊರಗೆ ಹೋಗುತ್ತೆ. 15 ಲೀಟರಿನ ಕೊಡದಲ್ಲಿ ಅದು 13 ಕೊಡಕ್ಕೂ ಹೆಚ್ಚು. ದಿನಾ 13 ಕೊಡ ನೀರನ್ನು ಗೋಡೆಯ ಬುಡಕ್ಕೆ ನಾವೇ ಸುರಿದ ಹಾಗೆ! ಒಳಗಡೆ ಎಷ್ಟು ಸಿಮೆಂಟ್ ಬಳಿದರೆ ಏನು ಬಂತು? ಗಟ್ಟಿ ಗಾರೆ ಹಾಕಿದರೆ ನೀರು ಆರಲು ಜಾಗ ಸಿಗಲ್ಲ. ಆಗ ಅದು ಗಾರೆಯ ಹಿಂದೆಯೇ ಇನ್ನೂ ಮೇಲಕ್ಕೆ ಏರುತ್ತೆ.

ಅವರು ಪೈಪನ್ನು 12 ಅಡಿ ಮುಂದಕ್ಕೆ ತೆಗೆದುಕೊಂಡು ಹೋದರು. ತುದಿಯಲ್ಲಿ ಇಂಗುಗುಂಡಿ ತೆಗೆಸಿದರು. ಗೋಡೆಯ ಬುಡದ ಹಳ್ಳಕ್ಕೆ ಮಣ್ಣು ತುಂಬಿ ಧಮ್ಮಸ್ಸು ಹಾಕಿದರು. ಕೂಲಿ, ಪೈಪು ಎಲ್ಲ ಸೇರಿ 3,000 ರೂಪಾಯಿ ಒಳಗೇ ಮುಗಿಯಿತು. ಗೋಡೆ ತಕ್ಷಣ ಒಣಗಲಿಲ್ಲ. 9 ಇಂಚಿನ ಗೋಡೆ ಆರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಬಣ್ಣ ಹೊಡೆಯಬಾರದು. ಒಣಗಿದ ಮೇಲೂ ಎಣ್ಣೆ ಬಣ್ಣಕ್ಕಿಂತ ಸುಣ್ಣವೇ ಮೇಲು. ಸುಣ್ಣದ ಗೋಡೆ ಉಸಿರಾಡುತ್ತೆ.

ಇಂಗುಗುಂಡಿ

ಕೆಲವು ಕಡೆ ಇದಕ್ಕೆ ಬಚ್ಚಲು ಗುಂಡಿ ಅನ್ನುತ್ತಾರೆ. ಉದ್ದ, ಅಗಲ, ಆಳ ಮೂರೂ ಮೂರೂವರೆ ಅಡಿ ಇರಲಿ. ಗೋಡೆಯಿಂದ 10 ಅಡಿಯಾದರೂ ದೂರ ಇರಬೇಕು. ಕುಡಿಯುವ ನೀರಿನ ಬಾವಿ, ಬೋರ್‌ವೆಲ್ ಇದ್ದರೆ ಅದರಿಂದ 50 ಅಡಿ ದೂರ. ತಳಕ್ಕೆ ದಪ್ಪ ಕಲ್ಲು, ನಡುವೆ ಅದಕ್ಕಿಂತ ಸಣ್ಣ ಕಲ್ಲು, ಮೇಲೆ ಜಲ್ಲಿ ತುಂಬಿ. ನೀರು ಬೀಳುವ ಜಾಗದಲ್ಲಿ ತಳ ತೂತು ಮಾಡಿದ ಹಳೇ ಮಡಕೆ ಇಡಿ. ಅದರೊಳಗೆ ತೆಂಗಿನ ನಾರು ಇಲ್ಲವೇ ಹುಲ್ಲು ತುರುಕಿ. ಜಿಡ್ಡು, ಕೂದಲು, ಅನ್ನದ ಅಗುಳು ಅಲ್ಲೇ ನಿಲ್ಲುತ್ತೆ. ಹದಿನೈದು ದಿನಕ್ಕೊಮ್ಮೆ ಆ ನಾರನ್ನು ತೆಗೆದು ಬೇರೆ ಹಾಕಬೇಕು. ಇದನ್ನು ಮರೆತರೆ ಜಿಡ್ಡು ಕಟ್ಟಿ ಗುಂಡಿ ಕೆಲಸ ಮಾಡಲ್ಲ. ಗುಂಡಿ ತೆಗೆಸಿ ಮಡಕೆ ಮರೆತವರೇ ಜಾಸ್ತಿ. ಬಾಯಿ ತೆರೆದು ಬಿಡಬೇಡಿ, ಚಪ್ಪಡಿ ಮುಚ್ಚಿ. ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ ಆಗುತ್ತೆ, ಮಕ್ಕಳು ಬೀಳುವ ಭಯವೂ ಇದೆ. ಕಕ್ಕಸಿನ ನೀರನ್ನು ಮಾತ್ರ ಇದಕ್ಕೆ ಬಿಡಬೇಡಿ. ಅದಕ್ಕೆ ಬೇರೆ ಗುಂಡಿಯೇ ಇರಬೇಕು.

ಎರೆ ಭೂಮಿಯವರಿಗೆ ಒಂದು ಮಾತು. ಕಪ್ಪು ಎರೆಮಣ್ಣಿನಲ್ಲಿ ನೀರು ಬೇಗ ಇಂಗಲ್ಲ. ಜೊತೆಗೆ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಪಾಯದ ಹತ್ತಿರ ಹೀಗಾದರೆ ಗೋಡೆಯೇ ಸೀಳುತ್ತೆ. ಆದ್ದರಿಂದ ಎರೆ ಭೂಮಿಯಲ್ಲಿ ಬಚ್ಚಲ ನೀರನ್ನು ದೂರ ಸಾಗಿಸಿ ಬಾಳೆ ಗಿಡಕ್ಕೆ ಬಿಡುವುದೇ ಸರಿ. ನಾಲ್ಕು ಬಾಳೆ ಇದ್ದರೆ ಗೊನೆಯೂ ಸಿಕ್ಕಿತು.

ಮೇಲಿನಿಂದ ಬರುವ ನೀರು

ಕಲೆ ಗೋಡೆಯ ತಲೆಯಲ್ಲಿ ಇದ್ದರೆ ಬುಡ ಅಗೆದು ಪ್ರಯೋಜನ ಇಲ್ಲ. ಚಾವಣಿ ನೋಡಬೇಕು. ತಾರಸಿ ಮನೆಯಾದರೆ ಮೇಲೆ ಹತ್ತಿ ಒಂದು ಕೊಡ ನೀರು ಸುರಿಯಿರಿ. ನೀರು ತಾನಾಗಿ ಪೈಪಿನ ಕಡೆ ಹರಿಯಬೇಕು. 10 ಅಡಿಗೆ ಒಂದೂವರೆ ಇಂಚಾದರೂ ಇಳಿಜಾರು ಬೇಕು. ನಡುವೆ ನಿಂತರೆ ಅಲ್ಲಿ ಇಳಿಜಾರು ತಪ್ಪಿದೆ. ಎಷ್ಟೋ ಸಲ ಕಾರಣ ಅಷ್ಟು ದೊಡ್ಡದೂ ಇರಲ್ಲ. ಬೇವಿನ ಎಲೆ, ಚಿಂದಿ ಬಟ್ಟೆ ಪೈಪಿನ ಬಾಯಿಗೆ ಸಿಕ್ಕಿಕೊಂಡಿರುತ್ತೆ. ಮಳೆಗಾಲಕ್ಕೆ ಮೊದಲು ಗುಡಿಸಿದರೆ ಸಾಕು.

ಶೀಟಿನ ಮನೆಯಾದರೆ ಮೊಳೆ ಎಲ್ಲಿ ಹೊಡೆದಿದ್ದಾರೆ ನೋಡಿ. ಶೀಟಿನ ಉಬ್ಬಿನ ಮೇಲೆ ಹೊಡೆಯಬೇಕು, ವಾಷರ್ ಹಾಕಿ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು ಮಾಡಿದಂತೆ. ಹೆಂಚಿನ ಮನೆಯಲ್ಲಿ ಒಡೆದ ಒಂದು ಹೆಂಚನ್ನು ಬದಲಾಯಿಸದೆ ಬಿಟ್ಟರೆ ಕೆಳಗಿನ ರೀಪು, ತೊಲೆ ಕೊಳೆಯುತ್ತೆ.

ಚಾವಣಿಯಿಂದ ಬೀಳುವ ನೀರು ಎಷ್ಟು ಅಂತ ಗೊತ್ತಾ? 20 ಅಡಿ ಉದ್ದ, 15 ಅಡಿ ಅಗಲದ ಮನೆ. ಒಂದು ಇಂಚು ಮಳೆ ಬಂದರೆ ಆ ಚಾವಣಿ ಮೇಲೆ ಸುಮಾರು 700 ಲೀಟರ್ ನೀರು ಬೀಳುತ್ತೆ. 46 ಕೊಡ! ಅಷ್ಟೂ ಗೋಡೆಯ ಬುಡಕ್ಕೆ ಬೀಳಬಾರದು. ಪಕ್ಕದ ಮನೆಯವರ ಗೋಡೆಗೂ ಬೀಳಬಾರದು. ಅಣ್ಣ ತಮ್ಮಂದಿರು ಇದಕ್ಕೇ ಮಾತು ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಸೂರಿಗೆ ಒಂದು ದೋಣಿ ಕಟ್ಟಿ ಡ್ರಮ್ಮಿಗೆ ಬಿಡಿ. ಡ್ರಮ್ಮಿಗೆ ಮುಚ್ಚಳ ಇರಲಿ. ಡೆಂಗಿ ಜ್ವರ ತರುವ ಸೊಳ್ಳೆ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತೆ. ಮನೆಯ ಸುತ್ತ ಮಣ್ಣು ಹೊರಕ್ಕೆ ಇಳಿಜಾರಾಗಿರಲಿ, 10 ಅಡಿಗೆ ಅರ್ಧ ಅಡಿಯಷ್ಟು.

ಗೋಡೆ ಬೀಳುವ ಮೊದಲು

ಒದ್ದೆ ಗೋಡೆ ಬರೀ ಅಂದ ಕೆಡಿಸಲ್ಲ, ಜೀವವನ್ನೂ ತೆಗೆಯುತ್ತೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಭಾರಿ ಮಳೆ ಆಯಿತು. 200ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಗೋಡೆ ಕುಸಿದು ಮನೆಯೊಳಗೇ ಸತ್ತವರು ಅದರಲ್ಲಿ ಬಹಳ.

ಮಣ್ಣಿನ ಗೋಡೆ ನೀರು ಕುಡಿದರೆ ಭಾರವಾಗುತ್ತೆ, ಮೆತ್ತಗೂ ಆಗುತ್ತೆ. ಗೋಡೆ ಹೊಟ್ಟೆ ಉಬ್ಬಿದ ಹಾಗೆ ಕಂಡರೆ, ಬೆರಳು ತೂರುವಷ್ಟು ಬಿರುಕು ಬಿಟ್ಟರೆ, ನಿನ್ನೆವರೆಗೆ ಹಾಕುತ್ತಿದ್ದ ಬಾಗಿಲು ಇವತ್ತು ಹಾಕಲು ಬರದಿದ್ದರೆ, ಆ ರಾತ್ರಿ ಅಲ್ಲಿ ಮಲಗಬೇಡಿ. ಶಾಲೆಗೋ ಸಮುದಾಯ ಭವನಕ್ಕೋ ಹೋಗಿ. ಮಳೆ ನಿಂತಿತು ಅಂತ ತಕ್ಷಣ ಒಳಗೆ ಹೋಗಬೇಡಿ. ನಿಂತ ಮೇಲೂ ಗೋಡೆ ಬೀಳುತ್ತೆ.

ಕರೆಂಟಿನ ವೈರು ಇರುವ ಗೋಡೆ ಒದ್ದೆಯಾದರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಮುಟ್ಟಬೇಡಿ. ಸ್ವಿಚ್ ಬೋರ್ಡೇ ಒದ್ದೆ ಇದ್ದರೆ ನೀವು ಕೈ ಹಾಕಬೇಡಿ, ಲೈನ್‌ಮನ್‌ಗೆ ಹೇಳಿ. ಮನೆ ಬಿದ್ದರೆ ಫೋಟೋ ತೆಗೆಸಿ. ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ನಾವು ಹಿಂದೆ ಗ್ರಾಮ ಲೆಕ್ಕಿಗರು ಅನ್ನುತ್ತಿದ್ದವರಿಗೆ, ಕೂಡಲೇ ತಿಳಿಸಿ. ಪರಿಹಾರದ ದಾರಿ ಅಲ್ಲಿಂದ ಶುರು.

ರಸ್ತೆ ಮೇಲೆ, ಮನೆ ಕೆಳಗೆ

ಈಗ ಹಳ್ಳಿಗಳಲ್ಲಿ ಹೊಸ ತೊಂದರೆ ಒಂದು ಬಂದಿದೆ. ಬೀದಿಗೆ ಸಿಮೆಂಟ್ ರಸ್ತೆ ಹಾಕುತ್ತಾರೆ. ಸಂತೋಷ. ಆದರೆ ಹಳೇ ರಸ್ತೆ ಅಗೆಯದೆ ಅದರ ಮೇಲೇ ಹಾಕುತ್ತಾರೆ. ರಸ್ತೆ ಎತ್ತರ ಆಯಿತು, ಮನೆ ತಗ್ಗಾಯಿತು. ಮಳೆ ಬಂದರೆ ಬೀದಿ ನೀರೆಲ್ಲ ಹೊಸ್ತಿಲು ದಾಟಿ ಒಳಗೆ. ಚರಂಡಿ ಇಲ್ಲದ ಸಿಮೆಂಟ್ ರಸ್ತೆ ಅಂದರೆ ಅರ್ಧ ಕೆಲಸ ಅಂತಲೇ ನನ್ನ ಅಭಿಪ್ರಾಯ. ಇದನ್ನು ರಸ್ತೆ ಹಾಕುವ ಮೊದಲೇ ಕೇಳಬೇಕು. ಹಾಕಿದ ಮೇಲೆ ಯಾರೂ ಒಡೆಯಲ್ಲ.

ಊರಿನ ಚರಂಡಿ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಕೆಲಸ. ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಅರ್ಜಿಯನ್ನೂ ಕೊಡಿ. ದೊಡ್ಡ ಮಾತು ಬೇಡ. ಯಾವ ಬೀದಿ, ಎಷ್ಟು ಮನೆ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತೆ, ಎಷ್ಟು ದಿನ ನಿಲ್ಲುತ್ತೆ, ಅಷ್ಟು ಬರೆದರೆ ಸಾಕು. ಇಂಗುಗುಂಡಿಗೆ ಈಗ ಏನು ಸಹಾಯ ಸಿಗುತ್ತೆ ಅಂತಲೂ ಪಿ.ಡಿ.ಒ. ಅವರನ್ನು ಕೇಳಿ. ಬೀದಿಯವರೆಲ್ಲ ಸಹಿ ಹಾಕಿ. ಹೆಬ್ಬೆಟ್ಟು ಒತ್ತಬೇಡಿ, ಈಗ ಹೆಸರು ಬರೆಯಲು ಬರುತ್ತಲ್ಲ. ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಅದನ್ನು ಹಕ್ಕುಪತ್ರದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಿ. ಆ ಒದ್ದೆ ಗೋಡೆಯ ಗೂಡಿನಲ್ಲಿ ಮಾತ್ರ ಇಡಬೇಡಿ.