ವಂಶಾವಳಿಯಿಂದ ಬಿಟ್ಟುಹೋದ ಚಿಕ್ಕಪ್ಪ

ಅಂಬರನಾಥದ ಶಿವದೇವಾಲಯವನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರು ಎಂಬ ಮಾತು ವಾಲಧುನಿ ನದಿಯ ದಂಡೆಯಲ್ಲಿ ಈಗಲೂ ಕೇಳಿಬರುತ್ತದೆ. ಅದೇ ಗುಡಿಯ ಉತ್ತರದ ಬಾಗಿಲ ಮೇಲಿನ ತೊಲೆಗಲ್ಲಿನ ಒಳಮೈ ಬೇರೆ ಮಾತು ಹೇಳುತ್ತದೆ. ಅಲ್ಲಿ ಕೊರೆದಿರುವ ಸಂಸ್ಕೃತ ಶಾಸನ ಉತ್ತರ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದು. ಅವನ ಅಣ್ಣ ಛಿತ್ತರಾಜನ ‘ಭವನ’ದ ಪ್ರಸ್ತಾಪ ಅದರಲ್ಲಿದೆ, ಶಕವರ್ಷವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಮೊದಲು ಓದಿದ ಡಾ. ಭಾವು ದಾಜಿ ಅವರಿಗೆ ಆ ವರ್ಷ 782 ಎಂದು ಕಂಡಿತು. ಆಮೇಲೆ ಓದಿದ ಭಗವಾನ್‌ಲಾಲ್ ಇಂದ್ರಜಿ ಅದು 982 ಎಂದರು. ಸವೆದ ಕಲ್ಲಿನ ಮೇಲಿನ ಒಂದೇ ಒಂದು ಅಂಕಿ. ವ್ಯತ್ಯಾಸ ಮಾತ್ರ ಇನ್ನೂರು ವರ್ಷ. ಮೊದಲನೆಯದು ನಿಜವಾದರೆ ಗುಡಿ ಕ್ರಿ.ಶ. 860ರದು, ಎರಡನೆಯದಾದರೆ 1060ರದು.

ಕಲ್ಲನ್ನೇ ದಿಟ್ಟಿಸುತ್ತ ಕೂತರೆ ಈ ಜಗಳ ಹರಿಯುವುದಿಲ್ಲ. ಆದರೆ ವಂಶಾವಳಿಯ ಲೆಕ್ಕ ಹಾಕಿದರೆ ಎರಡು ನಿಮಿಷದಲ್ಲಿ ಹರಿಯುತ್ತದೆ. ಮುಂಬಯಿಯ ಕಾನ್ಹೇರಿ ಗುಹೆಗಳಲ್ಲಿ ಇದೇ ವಂಶದ ಇಮ್ಮಡಿ ಕಪರ್ದಿಯ ಕಾಲದ ಶಾಸನಗಳಿವೆ: ಒಂದು ಶಕ 773, ಇನ್ನೊಂದು ಶಕ 799. ಶಿಲಾಹಾರರ ತಾಮ್ರಪಟಗಳ ಪ್ರಕಾರ ಕಪರ್ದಿಯ ಮಗ ವಪ್ಪುವನ್ನ, ಅವನ ಮಗ ಗೊಗ್ಗಿ, ಗೊಗ್ಗಿಯ ಮಗ ವಜ್ಜಡ, ವಜ್ಜಡನ ಮಗ ಅಪರಾಜಿತ, ಅವನ ಮಗ ಇಮ್ಮಡಿ ವಜ್ಜಡ, ಅವನ ಮಕ್ಕಳಲ್ಲೊಬ್ಬ ಮುಮ್ಮುಣಿ. ಅಂದರೆ ಕಪರ್ದಿಯಿಂದ ಮುಮ್ಮುಣಿಗೆ ಆರು ತಲೆಮಾರು. ಶಕ 782 ಎಂದು ಓದಿದರೆ ಮುಮ್ಮುಣಿ ತನ್ನ ಅಜ್ಜನ ಮುತ್ತಜ್ಜನ ತಂದೆಯ ಆಳ್ವಿಕೆಯ ನಟ್ಟನಡುವೆ ಬಂದು ಕೂತಂತಾಗುತ್ತದೆ. 982 ಎಂದು ಓದಿದರೆ ಕಪರ್ದಿಯ ಎರಡು ಶಾಸನಗಳ ನಡುವಿನ ವರ್ಷ, ಕ್ರಿ.ಶ. 864ರಿಂದ 1060ರವರೆಗೆ 196 ವರ್ಷ. ಆರರಿಂದ ಭಾಗಿಸಿದರೆ ತಲೆಮಾರಿಗೆ 32 ಚಿಲ್ಲರೆ. ಎರಡೂವರೆ ಲಕ್ಷ ವರ್ಷಗಳ ಮಾನವ ಸಂತತಿಯನ್ನು ಡಿಎನ್‌ಎ ರೂಪಾಂತರಗಳಿಂದ ಅಳೆದ 2023ರ ಅಧ್ಯಯನವೊಂದು ತಂದೆಯಾಗುವ ಸರಾಸರಿ ವಯಸ್ಸು 30.7, ತಾಯಿಯಾಗುವ ಸರಾಸರಿ ವಯಸ್ಸು 23.2 ಎಂದು ಹೇಳಿದೆ. ಕೊಂಕಣದ ಅರಸುಮನೆ ಆ ಲೆಕ್ಕದಿಂದ ದೂರ ಹೋಗಿಲ್ಲ. ಸಂದೇಹದ ಅಂಕಿಯೊಂದನ್ನು ಹೊರಗಿನ ಎರಡು ಸಾಕ್ಷಿಗಳ ನಡುವೆ ನಿಲ್ಲಿಸಿ ನೋಡಿದ್ದರಿಂದ ಉತ್ತರ ಸಿಕ್ಕಿತು.

ಹಾಗಾದರೆ ಈ ವಂಶಾವಳಿ ನಂಬಿಕಸ್ಥವೇ? ಅಂಕಿ ತಿದ್ದುವ ಮಟ್ಟಿಗೆ ಹೌದು, ಪೂರ್ತಿಯಾಗಿ ಅಲ್ಲ. ಇದೇ ಪಟ್ಟಿಯಲ್ಲಿ ಒಬ್ಬ ಅರಸ ಕಾಣೆಯಾಗಿದ್ದಾನೆ. ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿರುವ ತಾಮ್ರಪಟವೊಂದು ಛದ್ವೈದೇವ ಎಂಬ ಮಹಾಸಾಮಂತನದು. ವಜ್ಜಡನ ತಮ್ಮ ಇವನು, ಅಪರಾಜಿತನಿಗೆ ಚಿಕ್ಕಪ್ಪ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಕೊಟ್ಟಿದ್ದ ಮಾತನ್ನು ನಡೆಸಿಕೊಡಲು ಈ ದಾನ ಎಂದು ಪಟ ಹೇಳುತ್ತದೆ. ಕೃಷ್ಣ ಆಳಿದ್ದು 939ರಿಂದ 967ರವರೆಗೆ, ಆದ್ದರಿಂದ ಕಾಲ ಹತ್ತನೆಯ ಶತಮಾನದ ನಡುಭಾಗದಿಂದ ಆಚೀಚೆ ಹೋಗುವಂತಿಲ್ಲ. ಆದರೆ ಆಮೇಲಿನ ಶಿಲಾಹಾರ ಪಟಗಳಲ್ಲಿ ಎಲ್ಲೂ ಈ ಹೆಸರಿಲ್ಲ. ವಜ್ಜಡನಾದ ಮೇಲೆ ಅಪರಾಜಿತ ಎಂದು ನೇರವಾಗಿ ದಾಟಿಬಿಡುತ್ತವೆ. ಆ ಒಂದು ಪಟ ಸಿಗದೇ ಹೋಗಿದ್ದರೆ ಇಂಥವನೊಬ್ಬ ಇದ್ದನೆಂದು ಊಹಿಸುವುದಕ್ಕೂ ಆಸ್ಪದವಿರಲಿಲ್ಲ.

ಇಲ್ಲಿ ಯಾರಿಗಾದರೂ ಬರುವ ಮೊದಲ ಯೋಚನೆ ಬಹುಮತದ್ದು. ಒಂದು ಪಟ ಇದ್ದಾನೆ ಎನ್ನುತ್ತದೆ, ಎಷ್ಟೋ ಪಟಗಳು ಇಲ್ಲ ಎನ್ನುತ್ತವೆ, ಯಾವುದನ್ನು ನಂಬೋಣ? ಈ ಲೆಕ್ಕವೇ ತಪ್ಪು. ಶಿಲಾಹಾರರ ದಾನಪಟಗಳಲ್ಲಿ ಹಿಂದಿನ ಅರಸರ ಬಣ್ಣನೆಯ ಶ್ಲೋಕಗಳು ಪಟದಿಂದ ಪಟಕ್ಕೆ ಹಾಗೆಹಾಗೆಯೇ ಬರುತ್ತವೆ. ಕಚೇರಿಯಲ್ಲೊಂದು ಕರಡು ಇರುತ್ತಿತ್ತು. ಹೊಸ ಅರಸ ಬಂದಾಗ ಕೊನೆಗೆ ಒಂದೆರಡು ಶ್ಲೋಕ ಸೇರಿಸಿ, ಉಳಿದದ್ದನ್ನು ನಕಲು ಮಾಡುತ್ತಿದ್ದರು. ಒಂದೇ ಕರಡಿನ ಹತ್ತು ನಕಲು ಹತ್ತು ಸಾಕ್ಷಿಯಾಗುವುದಿಲ್ಲ, ಒಂದೇ ಸಾಕ್ಷಿ ಹತ್ತು ಸಲ ಮಾತಾಡಿದಂತೆ. ಸಂಖ್ಯಾಶಾಸ್ತ್ರದವರು ಸ್ವತಂತ್ರ ಮಾಪನ ಎಂದು ಕರೆಯುವುದು ಬೇಕೆಂದರೆ ಆ ಕರಡನ್ನು ಕಣ್ಣಿಂದ ನೋಡಿರದ ಯಾರನ್ನಾದರೂ ಕೇಳಬೇಕು. ಗೊಗ್ಗಿಯ ಅಣ್ಣ ಝಂಝನ ವಿಷಯದಲ್ಲಿ ಅಂಥವನೊಬ್ಬ ಸಿಕ್ಕಿದ್ದಾನೆ. ಅರಬ್ ಪ್ರವಾಸಿ ಅಲ್ ಮಸೂದಿ ಹಿಜರಿ 304ರಲ್ಲಿ, ಎಂದರೆ ಕ್ರಿ.ಶ. 916ರ ಸುಮಾರಿಗೆ ಸೈಮೂರಿಗೆ, ಇಂದಿನ ಚೌಲ್ ಬಂದರಿಗೆ ಬಂದಿದ್ದ. ಅಲ್ಲಿನ ದೊರೆಯ ಹೆಸರು ಝಂಝ ಎಂದು ಬರೆದಿಟ್ಟ. ಶಿಲಾಹಾರರ ಹಂಗು ಅವನಿಗಿರಲಿಲ್ಲ, ಅವರ ಶ್ಲೋಕವನ್ನು ಅವನು ಓದಿದವನೂ ಅಲ್ಲ. ಝಂಝನನ್ನು ಹೊಗಳುವ ಅಷ್ಟೂ ಪಟಗಳಿಗಿಂತ ಈ ಒಂದು ವಾಕ್ಯ ತೂಕದ್ದು.

ಉತ್ತರ ಕರ್ನಾಟಕದ ಊರಿನಿಂದ ಬಂದು ಅಂಬರನಾಥ, ಡೊಂಬಿವಲಿಗಳಲ್ಲಿ ನೆಲೆನಿಂತ ಮನೆಗಳಿಗೆ ವಂಶಾವಳಿಯಿಂದ ಹೆಸರು ಜಾರುವುದು ಹೊಸ ಸಂಗತಿಯೇನಲ್ಲ; ಅವರ ಊರುಗಳಿಗೆ ಹೆಳವರು ಬರುತ್ತಿದ್ದರು. ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ಕೂತು, ಹೊತ್ತಿಗೆ ಬಿಚ್ಚಿ, ಮನೆತನ ಯಾವ ಊರಿಂದ ಯಾವ ಊರಿಗೆ ಬಂತು, ಯಾರ ಮಗ ಯಾರು ಎಂದು ಹಾಡಿನ ಧಾಟಿಯಲ್ಲಿ ಹೇಳಿ, ಕಾಳು, ಬಟ್ಟೆ, ದುಡ್ಡು ಪಡೆದು ಹೋಗುತ್ತಿದ್ದರು. ಆ ನೆನಪಿನ ಶಿಸ್ತು ಸಾಮಾನ್ಯದ್ದಲ್ಲ. ಆದರೆ ಹೊತ್ತಿಗೆ ಬೆಳೆಯುವುದು ಕಾಳು ಹಾಕುವ ಮನೆಯ ಅಂಗಳದಲ್ಲಿ. ಪಾಲಾಗಿ ಸಿಡಿದುಹೋದ ದಾಯಾದಿಯ ಹೆಸರನ್ನು ಅಲ್ಲಿ ಓದಿದರೆ ಯಾರಿಗೆ ಸಂತೋಷ? ಸುಳ್ಳು ಬರೆಯಬೇಕಾಗಿಯೂ ಇಲ್ಲ, ಓದುವಾಗ ಒಂದು ಹೆಸರು ದಾಟಿದರೆ ಸಾಕು. ನಾಲ್ಕು ತಲೆಮಾರು ಹಾಗೆ ದಾಟಿದ ಮೇಲೆ ಅವನು ಇರಲೇ ಇಲ್ಲ.

ಛದ್ವೈದೇವನ ಪಟವೇ ಕೂಟಪತ್ರವಾಗಿರಬಾರದೇಕೆ ಎಂಬ ಆಕ್ಷೇಪ ಸಹಜ. ಭೂಮಿ ಹೊಡೆಯಲು ಕಳ್ಳ ತಾಮ್ರಪಟ ಹುಟ್ಟಿಸಿದವರು ನಮ್ಮ ಇತಿಹಾಸದಲ್ಲಿ ಬೇಕಾದಷ್ಟಿದ್ದಾರೆ, ಶಾಸನತಜ್ಞರು ಮೊದಲು ಅನುಮಾನಿಸುವುದೂ ಅದನ್ನೇ. ಆದರೆ ಕಳ್ಳಪತ್ರ ಮಾಡುವವನು ಯಾರ ಹೆಸರಿನಲ್ಲಿ ಮಾಡುತ್ತಾನೆ? ನ್ಯಾಯಸ್ಥಾನದಲ್ಲಿ ಕೂತವರು ಕೇಳಿದ ಕೂಡಲೇ ಕೈಮುಗಿಯುವಂಥ ಅರಸನ ಹೆಸರಿನಲ್ಲಿ. ಅರಮನೆಯೇ ಒಪ್ಪದ, ಪಟ್ಟಿಯಲ್ಲಿಲ್ಲದ ಅರಸನ ಹೆಸರು ಹಾಕಿ ಜಮೀನು ಕೇಳುವ ದಡ್ಡ ಕಳ್ಳ ಸಿಗುವುದು ಕಷ್ಟ. ಛದ್ವೈದೇವ ಎಂಬುದು ವಜ್ಜಡನ ಇನ್ನೊಂದು ಹೆಸರಿರಬಹುದಲ್ಲವೇ ಎಂದೂ ಕೇಳಬಹುದು. ಅಪರಾಜಿತನಿಗೆ ಮೃಗಾಂಕ ಎಂಬ ಎರಡನೆಯ ಹೆಸರಿತ್ತು. ಆದರೆ ಯಾರೂ ತನಗೆ ತಾನೇ ತಮ್ಮನಾಗಲಾರರು.

ಗಟ್ಟಿ ಆಕ್ಷೇಪ ಬೇರೆಯದು. ವಂಶಾವಳಿ ಎಂದರೆ ತಂದೆಯಿಂದ ಮಗನಿಗೆ ಇಳಿಯುವ ಸಾಲು. ಪಕ್ಕದ ಕೊಂಬೆಯವನು ಬಿಟ್ಟುಹೋಗುವುದು ಸಹಜ, ಅದರಲ್ಲಿ ದುರುದ್ದೇಶ ಹುಡುಕಬಾರದು. ಶಿಲಾಹಾರ ಶಾಸನಗಳನ್ನೆಲ್ಲ 1977ರಲ್ಲಿ ಒಂದೇ ಸಂಪುಟವಾಗಿ ಹೊರತಂದ ವಾ.ವಿ. ಮಿರಾಶಿಯವರ ವಿವರಣೆಯೂ ಇವನು ಪಕ್ಕದ ಕೊಂಬೆಯವನು ಎಂಬುದನ್ನೇ ಆಧರಿಸಿದೆ. ಒಪ್ಪಬಹುದಾಗಿತ್ತು, ಆ ಪಟ್ಟಿ ಆ ನಿಯಮವನ್ನು ಪಾಲಿಸಿದ್ದರೆ. ಪಾಲಿಸಿಲ್ಲ. ಛಿತ್ತರಾಜನ ಶಕ 948ರ ಭಾಂಡೂಪ್ ಪಟವನ್ನೇ ನೋಡಿ. ಅದರಲ್ಲಿ ಝಂಝ ಇದ್ದಾನೆ, ಅವನ ಮಕ್ಕಳು ಆಳಲಿಲ್ಲ, ತಮ್ಮ ಗೊಗ್ಗಿಯ ಸಂತಾನ ಆಳಿತು. ಛಿತ್ತರಾಜನ ಸ್ವಂತ ಚಿಕ್ಕಪ್ಪ ಅರಿಕೇಸರಿಯೂ ಇದ್ದಾನೆ. ಇವನ ಶಕ 939ರ ಪಟ 1787ರಲ್ಲಿ ಠಾಣೆ ಕೋಟೆಯ ಬಳಿ ಅಡಿಪಾಯ ಅಗೆಯುವಾಗ ಸಿಕ್ಕಿ, ಮರುವರ್ಷವೇ ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲಿ ಅಚ್ಚಾಯಿತು. ಆಳಿದ ದೊಡ್ಡಪ್ಪ ಪಟ್ಟಿಯಲ್ಲಿದ್ದಾನೆ, ಆಳಿದ ಚಿಕ್ಕಪ್ಪನೂ ಇದ್ದಾನೆ. ನಡುವಿನ ಈ ಒಬ್ಬ ಚಿಕ್ಕಪ್ಪ ಮಾತ್ರ ಇಲ್ಲ. ಮರೆತದ್ದು ಎನ್ನಲು ಅಪರಾಜಿತನಿಗೆ ಅವನು ದೂರದವನಲ್ಲ, ತಂದೆಯ ಬೆನ್ನಿಗೆ ಬಂದ ತಮ್ಮ. ಹೀಗಾಗಿ ಇದು ಬಿಟ್ಟುಹೋದ ಹೆಸರಲ್ಲ, ಬಿಟ್ಟ ಹೆಸರು ಎಂದೇ ನನ್ನ ಲೆಕ್ಕ.

ಯಾಕೆ ಬಿಟ್ಟರು? ಮಾನ್ಯಖೇಟದ ರಾಷ್ಟ್ರಕೂಟ ಅರಸರಿಗೆ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದವರಿಗೆ, ಇವನು ಹೆಚ್ಚು ಆತುಕೊಂಡಿದ್ದ, ಅದಕ್ಕೇ ಬಿಟ್ಟರು ಎಂದುಕೊಳ್ಳಲು ಬಾರದು. ಭಿವಂಡಿ ಬಳಿಯ ಭಾದಾಣೆಯ ದಾನಕ್ಕೆ ಸಂಬಂಧಿಸಿದ ಶಕ 919ರ ಪಟದಲ್ಲಿ ಅಪರಾಜಿತ ತನ್ನ ವಂಶದ ಜೊತೆಗೆ ರಾಷ್ಟ್ರಕೂಟರ ಇಡೀ ವಂಶಾವಳಿಯನ್ನೂ ಬರೆಸಿದ್ದಾನೆ, ಚಾಲುಕ್ಯ ತೈಲಪನ ಕೈಯಲ್ಲಿ ಅವರು ಅಳಿದುದಕ್ಕೆ ಮರುಗಿದ್ದಾನೆ. ಆಗ ರಾಷ್ಟ್ರಕೂಟರು ಬಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಸತ್ತ ಒಡೆಯರನ್ನು ಇಷ್ಟು ಅಕ್ಕರೆಯಿಂದ ನೆನೆಯುವವನು ಅವರ ಮಾತು ನಡೆಸಿದ ಚಿಕ್ಕಪ್ಪನನ್ನು ಆ ಕಾರಣಕ್ಕೆ ಅಳಿಸುವುದಿಲ್ಲ. ಜಗಳ ಮನೆಯೊಳಗಿನದೇ ಇರಬೇಕು: ಅಣ್ಣನ ಮಗನಿಗೆ ಸಲ್ಲಬೇಕಾದ ಗಾದಿಯ ಮೇಲೆ ತಮ್ಮ ಕೂತ ಎಂಬ ಊಹೆಯನ್ನು ವಿದ್ವಾಂಸರು ಮಾಡಿದ್ದಾರೆ. ಅದು ಊಹೆಯೇ. ಹೆಸರು ಅಳಿಸಿದರು ಎಂಬುದಕ್ಕೆ ಸಾಕ್ಷಿ ಇದೆ, ಗಾದಿ ಕಸಿದ ಎಂಬುದಕ್ಕೆ ಇಲ್ಲ. ಗೆದ್ದವರು ಮಾಡಿದ ಪಟ್ಟಿಯನ್ನು ಶಂಕಿಸಿ, ಅವರು ಹೊರಿಸಿರಬಹುದಾದ ಅಪವಾದವನ್ನು ಮಾತ್ರ ನಂಬುವುದು ಸರಿಯಲ್ಲ.

ಬೇಡದವನನ್ನು ಕಳೆಯುವ ಕೈಯೇ ಬೇಕಾದವನನ್ನು ಕೂಡಿಸುತ್ತದೆ. ಉತ್ತರ ಕೊಂಕಣ, ದಕ್ಷಿಣ ಕೊಂಕಣ, ಕೊಲ್ಹಾಪುರ ಎಂಬ ಮೂರೂ ಶಿಲಾಹಾರ ಶಾಖೆಗಳು ತಮ್ಮ ಮೂಲಪುರುಷ ಜೀಮೂತವಾಹನ ಎಂದವು. ಹಾವಿನ ಬದಲು ಬಂಡೆಯ ಮೇಲೆ ಮಲಗಿ ಗರುಡನಿಗೆ ಆಹಾರವಾಗಲು ಹೊರಟ ವಿದ್ಯಾಧರ, ಅದಕ್ಕೇ ಶಿಲಾ-ಆಹಾರ. ಚೆಂದದ ಕತೆ. ಆದರೆ ಶಾಸನಗಳಲ್ಲಿ ಈ ಹೆಸರು ಸಿಲಾರ, ಶಿಲಾರ, ಶೈಲಾಹಾರ ಎಂದೆಲ್ಲ ಓಲಾಡುತ್ತದೆ. ದೇಶೀ ಹೆಸರೊಂದಕ್ಕೆ ಆಮೇಲೆ ಸಂಸ್ಕೃತದ ಅಂಗಿ ಹೊಲಿದಾಗ ಹೀಗೆಯೇ ಆಗುತ್ತದೆ. ಮೂರು ಶಾಖೆಗಳನ್ನು ಜೋಡಿಸುವ ನಿಜವಾದ ಅಜ್ಜನೊಬ್ಬ ಇದ್ದಿದ್ದರೆ ಅವನ ಹೆಸರು ಯಾವ ಪಟದಲ್ಲೂ ಇಲ್ಲ. ‘ತಗರಪುರವರಾಧೀಶ್ವರ’ ಎಂಬ ಬಿರುದು ಧಾರಾಶಿವ ಜಿಲ್ಲೆಯ ತೇರ್ ಊರಿನತ್ತ ಬೆರಳು ತೋರಿಸಿ ಸುಮ್ಮನಾಗುತ್ತದೆ.

ಕನ್ನಡಿಗರು ಇಲ್ಲಿ ಕಿವಿ ನೆಟ್ಟಗೆ ಮಾಡುವುದು ಸಹಜ. ಕೊಲ್ಹಾಪುರದವರ ‘ಮರುವಕ್ಕಸರ್ಪ’, ‘ಅಯ್ಯನಸಿಂಗ’, ‘ಇಡುವರಾದಿತ್ಯ’, ಕೊಂಕಣದವರ ‘ಮಲಗಲಗಂಡ’: ಸಂಸ್ಕೃತ ಗದ್ಯದ ನಡುವೆ ಕನ್ನಡದ ಬಿರುದುಗಳು. ಭಾಂಡೂಪ್ ಪಟದ ಮಂತ್ರಿಗಳು ನಾಗಣಯ್ಯ, ಸೀಹಪಯ್ಯ. ಆದರೆ ಅದೇ ಪಟದಲ್ಲಿ ‘ಕರ್ಣಾಟ ಸಂಧಿವಿಗ್ರಹಿ’ ಎಂಬ ಪ್ರತ್ಯೇಕ ಅಧಿಕಾರಿಯೂ ಇದ್ದಾನೆ. ತನ್ನದೇ ನಾಡಿನೊಡನೆ ಸಂಧಿ ಮಾಡಲು ಯಾರೂ ಬೇರೆ ಮಂತ್ರಿ ಇಡುವುದಿಲ್ಲ. ಸೈಮೂರು, ಸೋಪಾರ, ಠಾಣೆಗಳ ಜನರ ನುಡಿ ಮಾನ್ಯಖೇಟದ್ದಲ್ಲ ಎಂದು ಮಸೂದಿ ಸ್ಪಷ್ಟವಾಗಿ ಬರೆದಿದ್ದಾನೆ. ಬಿರುದು ದೊಡ್ಡ ದೊರೆಯ ಆಸ್ಥಾನದ ಪೋಷಾಕು. ಅರಸುಮನೆ ಕನ್ನಡದಿಂದ ಬಂದದ್ದಿರಬಹುದು, ನಾಡು ಕನ್ನಡದ್ದಾಗಿತ್ತೆಂದು ಅಷ್ಟರಿಂದ ಹೇಳಲಾಗದು.

ಈಗ ಎಲ್ಲದಕ್ಕೂ ಡಿಎನ್‌ಎ ಇದೆಯಲ್ಲ ಎನ್ನುವವರಿಗೆ ನಿರಾಸೆ ಕಾದಿದೆ. ಶೇಲಾರ ಎಂಬ ಮನೆತನದ ಹೆಸರು ಶಿಲಾಹಾರದಿಂದ ಬಂದದ್ದೆಂಬ ಮಾತಿದೆ. ಆ ಮನೆಗಳ ಗಂಡಸರ ವೈ ವರ್ಣತಂತು ಪರೀಕ್ಷಿಸಬಹುದು, ಹೋಲಿಸಿ ನೋಡಲು ಶಿಲಾಹಾರ ಅರಸನೊಬ್ಬನ ಅಸ್ಥಿ ಎಲ್ಲಿದೆ? ಇದ್ದರೂ ನಮ್ಮ ಪ್ರಶ್ನೆ ಬಗೆಹರಿಯದು. ವೈ ತಂದೆಯಿಂದ ಮಗನಿಗೆ ಹೆಚ್ಚು ಕಡಿಮೆ ಹಾಗೆಯೇ ಇಳಿಯುವುದರಿಂದ ವಜ್ಜಡನದೂ ಛದ್ವೈದೇವನದೂ ಒಂದೇ. ಇನ್ನು ಉಳಿದ ವರ್ಣತಂತುಗಳು. ಅವನ ಕಾಲದಿಂದ ಇಲ್ಲಿಗೆ ಸುಮಾರು 33 ತಲೆಮಾರು. ಪ್ರತಿ ತಲೆಮಾರಿಗೆ ಪೂರ್ವಜರನ್ನು ಇಮ್ಮಡಿಸುತ್ತ ಹೋದರೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಆ ಸಾಲಿನಲ್ಲಿ ಸುಮಾರು 859 ಕೋಟಿ ಸ್ಥಾನಗಳು. ಆಗ ಭೂಮಿಯ ಮೇಲಿದ್ದ ಜನ ಅಂದಾಜು 30 ಕೋಟಿಯ ಆಸುಪಾಸು. ಒಬ್ಬನೇ ಎಷ್ಟೋ ಸ್ಥಾನಗಳಲ್ಲಿ ಕೂರಲೇಬೇಕು. ಛದ್ವೈದೇವನ ಸಂತತಿ ಉಳಿದಿದ್ದರೆ ಅದು ಒಂದು ಮನೆತನವಾಗಿ ಅಲ್ಲ, ಲೆಕ್ಕಕ್ಕೆ ಸಿಗದಷ್ಟು ಮನೆಗಳಲ್ಲಿ ಉಳಿದಿರುತ್ತದೆ, ಅವರಲ್ಲಿ ಬಹುಪಾಲು ಜನರಲ್ಲಿ ಅವನ ಡಿಎನ್‌ಎಯ ಒಂದು ತುಣುಕೂ ಇಲ್ಲದೆ.

ಹಾಗಿರುವಾಗ ಇವನ ಹೆಸರು ಉಳಿದದ್ದಾದರೂ ಹೇಗೆ? ತಾಮ್ರಪಟ ಎಂದರೆ ಬಳೆಗೆ ಪೋಣಿಸಿ ಗರುಡಮುದ್ರೆ ಒತ್ತಿದ ಕೆಲವು ತಗಡು. ಅದು ಇರುತ್ತಿದ್ದುದು ಅರಮನೆಯಲ್ಲಲ್ಲ, ದಾನ ಪಡೆದವನ ಮನೆಯಲ್ಲಿ. ಕಚೇರಿಯ ಕರಡಿನಿಂದ ಹೆಸರು ಹೊಡೆದುಹಾಕುವುದು ಅಪರಾಜಿತನ ಕೈಯಲ್ಲಿತ್ತು. ಆದರೆ ದಾನ ಪಡೆದವನಿಗೆ ಅದು ಅರಸರ ಚರಿತ್ರೆಯಲ್ಲ, ಹೊಲದ ಕಾಗದ; ಇವತ್ತಿನ ಸಾತ್-ಬಾರಾ ಉತಾರೆಯ ಹಾಗೆ. ಕೊಟ್ಟವನ ಹೆಸರು ಕೆರೆದರೆ ಹೊಲವೇ ಹೋಗುತ್ತದೆ. ಅವನು ಕೆರೆಯಲಿಲ್ಲ.