ಸೆಂಟ್‌ಓಎಸ್ ಬಳಕೆದಾರರ ಮುಂದಿನ ದಾರಿ

ನಿಪ್ಪಾಣಿಯ ತಂಬಾಕು, ಅಥಣಿಯ ಪಾದರಕ್ಷೆ, ಚಿಕ್ಕೋಡಿ, ರಾಯಬಾಗ ಮತ್ತು ಕಾಗವಾಡ ಭಾಗದ ಕಬ್ಬು, ಸಕ್ಕರೆ ವಹಿವಾಟುಗಳಿಗೆ ದಾಸ್ತಾನು ಮತ್ತು ಜಿಎಸ್‌ಟಿ ಲೆಕ್ಕಗಳು ಜೀವಾಳ. ಆ ಲೆಕ್ಕಗಳನ್ನು ಕಾಯುವ ಸರ್ವರ್‌ನಲ್ಲಿ ಸೆಂಟ್‌ಓಎಸ್ ಎಂಬ ಉಚಿತ ಲಿನಕ್ಸ್ ಇದ್ದರೆ, ಮಾಲೀಕರು ಈಗಲೇ ಗಮನ ಹರಿಸಬೇಕು.

ರೆಡ್ ಹ್ಯಾಟ್ ಕಂಪನಿಯ ಲಿನಕ್ಸಿನ ಮೂಲ ಸಂಕೇತದಿಂದ ಸೆಂಟ್‌ಓಎಸ್ ಸಿದ್ಧವಾಗುತ್ತಿತ್ತು. ಅದರ 8ನೇ ಆವೃತ್ತಿಗೆ 2029ರವರೆಗೆ ಬೆಂಬಲ ನಿರೀಕ್ಷಿತವಾಗಿತ್ತು. 2020ರ ಡಿಸೆಂಬರ್‌ನ ಪ್ರಕಟಣೆಯಂತೆ ಅದು 2021ರ ಡಿಸೆಂಬರ್ 31ಕ್ಕೇ ನಿಂತಿತು. 7ನೇ ಆವೃತ್ತಿಯ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಬೆಂಬಲ ನಿಂತ ಯಂತ್ರ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರ ಬರುವುದಿಲ್ಲ.

ಈ ತೆರವನ್ನು ತುಂಬಲು 2021ರಲ್ಲಿ ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಬಂದವು. ಇವೂ ರೆಡ್ ಹ್ಯಾಟ್ ಲಿನಕ್ಸಿಗೆ ಹೊಂದಿಕೊಳ್ಳುವಂತೆ ರಚಿತವಾದುದರಿಂದ, 8ನೇ ಸೆಂಟ್‌ಓಎಸ್ ಇರುವ ಯಂತ್ರವನ್ನು ಅಳಿಸದೆಯೇ ಇವುಗಳ 8ನೇ ಆವೃತ್ತಿಗೆ ಬದಲಿಸಬಹುದು. ಎರಡೂ ಸಂಸ್ಥೆಗಳು ಇದಕ್ಕೆ ಉಚಿತ ಸಾಧನಗಳನ್ನು ಒದಗಿಸಿವೆ. ಆ ಸಾಧನವು ಪ್ಯಾಕೇಜುಗಳನ್ನು ತರುವ ಭಂಡಾರದ ವಿಳಾಸವನ್ನೂ ಅವುಗಳ ಸಾಚಾತನ ಪರೀಕ್ಷಿಸುವ ಸಹಿಯ ಕೀಲಿಯನ್ನೂ ಬದಲಿಸಿ, ಹಳೆಯ ಪ್ಯಾಕೇಜುಗಳ ಜಾಗದಲ್ಲಿ ಹೊಸವನ್ನು ಕೂರಿಸುತ್ತದೆ. 7ರಿಂದ 8ಕ್ಕೆ ಏರುವುದು ಇಷ್ಟು ಸರಳವಲ್ಲ. ಅದಕ್ಕೆ ಆಲ್ಮಾಲಿನಕ್ಸ್‌ನ ‘ಎಲಿವೇಟ್’ ಎಂಬ ಬೇರೆ ಸಾಧನವಿದೆ. ಮೊದಲು ಪ್ರಾಯೋಗಿಕ ಯಂತ್ರದಲ್ಲಿ ಪರೀಕ್ಷಿಸುವುದು ಅಗತ್ಯ.

ಆದರೆ ಯಾವ ಲಿನಕ್ಸಿನ ಪ್ಯಾಕೇಜು ಯಾವುದಕ್ಕಾದರೂ ಹೊಂದುತ್ತದೆಂದು ಭಾವಿಸಲಾಗದು. ಉಬುಂಟು ಹುಟ್ಟಿದ್ದು ಡೆಬಿಯನ್‌ನಿಂದಲೇ. ಆದರೂ ಡೆಬಿಯನ್ ಯಂತ್ರಕ್ಕೆ ಉಬುಂಟು ಭಂಡಾರವನ್ನು ಸೇರಿಸಬಾರದೆಂದು ಡೆಬಿಯನ್ ಬಳಗವೇ ಎಚ್ಚರಿಸುತ್ತದೆ. ಪ್ರತಿ ಪ್ಯಾಕೇಜೂ ನಿರ್ದಿಷ್ಟ ಆವೃತ್ತಿಯ ಮೂಲ ಲೈಬ್ರರಿಗಳನ್ನು ಅವಲಂಬಿಸಿರುತ್ತದೆ. ಒಂದಕ್ಕಾಗಿ ಲೈಬ್ರರಿಯನ್ನು ಬದಲಿಸಿದರೆ ಉಳಿದವು ಕೆಡಬಹುದು. ಮುಂದಿನ ಪರಿಷ್ಕರಣೆಗಳೂ ಅಡ್ಡಿಯಾಗಬಹುದು.

ಬದಲಾವಣೆಗೆ ಮುನ್ನ ಉದ್ಯಮಿಗಳು ಪಾಲಿಸಬೇಕಾದ ಕ್ರಮಗಳಿವು:

1. ದತ್ತಾಂಶದ ಪೂರ್ಣ ಬ್ಯಾಕಪ್ ಪಡೆದು, ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಅನ್ನು ನಂಬುವಂತಿಲ್ಲ.
2. ಲೆಕ್ಕದ ತಂತ್ರಾಂಶ ಮತ್ತು ಪ್ರಿಂಟರ್ ಹೊಸ ಲಿನಕ್ಸಿನಲ್ಲಿ ನಡೆಯುವವೇ ಎಂದು ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು.
3. ಜಿಎಸ್‌ಟಿ ವಿವರ ಸಲ್ಲಿಸುವ ದಿನಗಳನ್ನೂ ಕಬ್ಬು ನುರಿಸುವ ಹಂಗಾಮನ್ನೂ ಬಿಟ್ಟು, ವಹಿವಾಟು ಕಡಿಮೆಯಿರುವ ರಜಾದಿನವನ್ನು ಆರಿಸಿಕೊಳ್ಳಬೇಕು.

ತಂತ್ರಾಂಶ ಉಚಿತವಾಗಿ ದೊರೆತರೂ ಈ ಸಿದ್ಧತೆಗೆ ತಜ್ಞರ ಶ್ರಮವೂ ಸಮಯವೂ ಬೇಕು. ಆ ವೆಚ್ಚವನ್ನು ಲೆಕ್ಕಕ್ಕೆ ಹಿಡಿದುಕೊಂಡೇ ನಿರ್ಧರಿಸುವುದು ಜಾಣತನ.